ಬಿಸಿನೆಸ್ ವೀಸಾದಲ್ಲಿ ಹೋದವರು ಊರು ನೋಡಬಾರದೇ?

ಪ್ರಶ್ನೆ: ಮೀಟಿಂಗ್‌ಗಾಗಿ ಮೂರು ದಿನದ ಮಟ್ಟಿಗೆ ಫ್ರಾಂಕ್‌ಫರ್ಟ್‌ಗೆ ಹೊರಟಿದ್ದೇನೆ. ಬಿಡುವು ಸಿಕ್ಕರೆ ಊರು ನೋಡುವ ಆಸೆ. ಆದರೆ ಬಿಸಿನೆಸ್ ವೀಸಾದಲ್ಲಿ ಸುತ್ತಾಡಿದರೆ ತೊಂದರೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ನಿಜವೇ?

ಆ ಸಹೋದ್ಯೋಗಿ ಎಲ್ಲ ಕಚೇರಿಗಳಲ್ಲೂ ಇರುತ್ತಾರೆ. ಎಷ್ಟು ಸಲ ಉತ್ತರ ಬರೆದರೂ ಅವರ ಮಾತು ನನಗಿಂತ ಮೊದಲೇ ನಿಮ್ಮನ್ನು ತಲುಪಿರುತ್ತದೆ. ಇನ್ನೊಮ್ಮೆ ಬರೆಯುತ್ತೇನೆ, ದಯವಿಟ್ಟು ಅವರಿಗೂ ಓದಿಸಿ.

ಷೆಂಗೆನ್ ಎಂಬ ಯುರೋಪಿನ ದೇಶಗಳ ಗುಂಪಿನ (ಜರ್ಮನಿಯೂ ಅದರಲ್ಲಿದೆ) ಅಲ್ಪಾವಧಿ ವೀಸಾ ಒಂದೇ ಬಗೆಯದು. ಪಾಸ್‌ಪೋರ್ಟಿಗೆ ಅಂಟಿಸುವ ಚೀಟಿಯಲ್ಲಿ ‘ಸಿ’ ಎಂದಿರುತ್ತದೆ. ಪ್ರವಾಸಿಗೂ ಅದೇ, ಮೀಟಿಂಗ್‌ಗೆ ಹೋಗುವವರಿಗೂ ಅದೇ, ಮಗಳ ಬಾಣಂತನಕ್ಕೆ ಹೊರಟ ತಾಯಿಗೂ ಅದೇ. ಅರ್ಜಿಯಲ್ಲಿ ಬರೆದ ಮುಖ್ಯ ಉದ್ದೇಶ ನಿಜವಾಗಿರಬೇಕು. ಆ ‘ಮುಖ್ಯ’ ಎಂಬುದನ್ನು ಯಾರೂ ಗಮನಿಸುವುದಿಲ್ಲ! ಮೀಟಿಂಗ್ ಮುಗಿಸಿ ನದಿ ದಂಡೆಯಲ್ಲಿ ಅಡ್ಡಾಡುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ. ಮೀಟಿಂಗನ್ನು ನೆಪ ಮಾಡಿಕೊಂಡು ರಜೆ ಕಳೆಯಲು ಹೋಗುವುದು ತಪ್ಪು. ಚೀಟಿಯಲ್ಲಿ ಬರೆದುದಕ್ಕಿಂತ ಹೆಚ್ಚು ದಿನ ಉಳಿಯುವುದು ಇನ್ನೂ ದೊಡ್ಡ ತಪ್ಪು. ಆ ಚೀಟಿಯನ್ನು ಒಮ್ಮೆ ಸರಿಯಾಗಿ ಓದಿ: ವೀಸಾ ಜೂನ್ 30ರವರೆಗೆ ಎಂದಿದ್ದರೂ ಇರಲು ಬಿಟ್ಟಿರುವುದು 10 ದಿನ ಮಾತ್ರ ಆಗಿರಬಹುದು. ಎಣಿಸಬೇಕಾದದ್ದು ಆ ಹತ್ತನ್ನು.

ವಲಸೆ ಅಧಿಕಾರಿ ಕೇಳಿದರೆ, ‘ಶುಕ್ರವಾರದವರೆಗೆ ಮೀಟಿಂಗ್, ಶನಿವಾರ ಊರು ನೋಡಿ ಭಾನುವಾರ ವಾಪಸ್’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಹ್ವಾನ ಪತ್ರ ತೋರಿಸಿ. ತಡವರಿಸಿ ಕಥೆ ಕಟ್ಟುವವರಿಗೇ ಪ್ರಶ್ನೆಗಳು ಹೆಚ್ಚು. ನಿಜವಾಗಿ ನೋಡಿಕೊಳ್ಳಬೇಕಾದದ್ದು ವಿಮೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ನೀವು ಅಲ್ಲಿರುವ ಎಲ್ಲ ದಿನಗಳಿಗೂ ಬೇಕು. ಕಂಪನಿ ಮೀಟಿಂಗ್ ದಿನಗಳಿಗೆ ಮಾತ್ರ ಮಾಡಿಸಿದ್ದರೆ ಉಳಿದ ದಿನಗಳ ಹೊಣೆ ನಿಮ್ಮದು. ಇದರ ಬಗ್ಗೆ ಮಾತ್ರ ಓದುಗರು ಯಾರೂ ನನ್ನನ್ನು ಕೇಳುವುದಿಲ್ಲ.

ಇನ್ನು ಸಮಯ. ಬೆಂಗಳೂರಿನಿಂದ ರಾತ್ರಿ ಹೊರಡುವ ನೇರ ವಿಮಾನ ಬೆಳಗ್ಗೆ ಇಳಿಸುತ್ತದೆ, ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನದ ಮೇಲೆ. ರಿಸೆಪ್ಷನ್‌ನಲ್ಲಿ ಚೀಲ ಬಿಟ್ಟು ಹೊರಡಿ. ವಿಮಾನ ನಿಲ್ದಾಣದಿಂದ ಎಸ್8 ಅಥವಾ ಎಸ್9 ರೈಲು ಕಾಲು ಗಂಟೆಯೊಳಗೆ ಮುಖ್ಯ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿಂದ ಮೆಟ್ರೊದಲ್ಲಿ ಎರಡನೆಯ ನಿಲ್ದಾಣವೇ ರೋಮರ್ ಚೌಕ. ಮರದ ತೊಲೆಗಳು ಎದ್ದು ಕಾಣುವ ಅಲ್ಲಿನ ‘ಹಳೆಯ’ ಮನೆಗಳ ಸಾಲು 1980ರ ದಶಕದ್ದು. 1944ರ ಬಾಂಬ್ ದಾಳಿಯಲ್ಲಿ ಹಳೆಯ ಪಟ್ಟಣ ನಾಶವಾಗಿತ್ತು. ಪಕ್ಕದ ಓಣಿಗಳನ್ನು ಮತ್ತೆ ಕಟ್ಟಿ ಮುಗಿಸಿದ್ದು 2018ರಲ್ಲಿ. ಹಾಗೆಂದು ಮೂಗು ಮುರಿಯಬೇಡಿ. ಎರಡು ಹೆಜ್ಜೆ ಮುಂದಿರುವ ಕೆಥೆಡ್ರಲ್‌ನಲ್ಲಿ 1562ರಿಂದ ಚಕ್ರವರ್ತಿಗಳ ಪಟ್ಟಾಭಿಷೇಕ ನಡೆಯುತ್ತಿತ್ತು. ನಂತರ ಮೈನ್ ನದಿಗೆ ಅಡ್ಡಲಾಗಿರುವ, 1860ರ ದಶಕದಲ್ಲಿ ಮೊದಲು ಕಟ್ಟಿದ ಕಬ್ಬಿಣದ ಕಾಲುಸೇತುವೆ ದಾಟಿ. ಆಚೆ ದಡದುದ್ದಕ್ಕೂ ಮ್ಯೂಸಿಯಂಗಳು. ಅವುಗಳಲ್ಲಿ ಷ್ಟೇಡೆಲ್ ಗುರುವಾರ ರಾತ್ರಿ 9ರವರೆಗೆ ತೆರೆದಿರುತ್ತದೆ, ಸೋಮವಾರ ರಜೆ.

ಜೂನ್‌ನಲ್ಲಿ ಒಂಬತ್ತೂವರೆಯವರೆಗೆ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಸಮಯದ ವ್ಯತ್ಯಾಸದಿಂದ ನಸುಕಿನಲ್ಲೇ ಎಚ್ಚರವಾಗುತ್ತದೆ. ಮೊಬೈಲ್ ನೋಡುತ್ತಾ ಹೊರಳಾಡುವ ಬದಲು ಎದ್ದು ನಡೆಯಿರಿ. ಮಾಂಸ ತಿನ್ನದವರು ಅಲ್ಲಿನ ಹಸಿರು ಸಾಸ್ ಕೇಳಿ. ಏಳು ಬಗೆಯ ಸೊಪ್ಪು ಹೆಚ್ಚಿ ಹಾಕಿದ, ತಣ್ಣನೆಯ, ತುಸು ಹುಳಿಯ ಗೊಜ್ಜು; ಜೊತೆಗೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಮೊಟ್ಟೆ ಬೇಡವಾದರೆ ಮೊದಲೇ ಹೇಳಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆಯವರಿಗೆ ಚಾಕೊಲೇಟನ್ನು ಭಾನುವಾರ ಕೊಂಡರಾಯಿತು ಎಂದುಕೊಳ್ಳಬೇಡಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಆಗ ಉಳಿಯುವುದು ಮುಖ್ಯ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಅಂಗಡಿಗಳು. ಶನಿವಾರ ಒಂದೇ ಅಂಗಡಿಯಲ್ಲಿ 50 ಯೂರೋ ದಾಟಿ ಕೊಂಡರೆ ತೆರಿಗೆ ವಾಪಸಾತಿಯ ನಮೂನೆ ಕೇಳಿ. ವಿಮಾನ ನಿಲ್ದಾಣದಲ್ಲಿ ಅದಕ್ಕೆ ಕಸ್ಟಮ್ಸ್ ಮುದ್ರೆ ಬೇಕು, ಸಾಮಾನು ತೋರಿಸಿಯೇ ಪಡೆಯಬೇಕು. ಅದು ಸೂಟ್‌ಕೇಸಿನಲ್ಲಿದ್ದರೆ ಚೆಕ್-ಇನ್ ಕೌಂಟರಿನಲ್ಲೇ ವಿಷಯ ತಿಳಿಸಿ. ಸೂಟ್‌ಕೇಸು ಬೆಲ್ಟ್ ಹತ್ತಿ ಹೋದ ಮೇಲೆ ನಿಮ್ಮ ಕೈಯಲ್ಲಿ ಬಿಲ್ ಮಾತ್ರ ಇರುತ್ತದೆ, ಬಿಲ್ ನೋಡಿ ಯಾರೂ ಮುದ್ರೆ ಒತ್ತುವುದಿಲ್ಲ.