ಸೊರಗಿದ ಮಗುವಿಗೆ ಹೊಟ್ಟೆ ತುಂಬ ಊಟ ಯಾಕೆ ಕೊಡಲ್ಲ?

ಪ್ರಶ್ನೆ: ತೀವ್ರ ಅಪೌಷ್ಟಿಕತೆ ಅಂತ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ, ಎರಡು ಗಂಟೆಗೊಮ್ಮೆ ಒಂದಿಷ್ಟು ಹಾಲು ಮಾತ್ರ ಕುಡಿಸುತ್ತಾರೆ. ಹಸಿದ ಮಗುವಿಗೆ ಹೊಟ್ಟೆ ತುಂಬ ಊಟ ಹಾಕಬಾರದಾ?

ಮೊದಲ ಕೆಲವು ದಿನ ಹಾಕಬಾರದು. ಅಂಥ ಮಗುವನ್ನು ಕಂಡರೆ ಇನ್ನೆರಡು ತುತ್ತು ಇಡೋಣ ಅನ್ನಿಸುವುದು ಸಹಜ. ಆದರೆ ಆ ತುತ್ತೇ ಜೀವಕ್ಕೆ ಮುಳುವಾಗಬಹುದು.

ತಿಂಗಳುಗಟ್ಟಲೆ ಸರಿಯಾಗಿ ಊಟ ಸಿಗದ ದೇಹ ತನ್ನ ಖರ್ಚು ಇಳಿಸಿಕೊಂಡು ಬದುಕುತ್ತದೆ. ಕೊಬ್ಬು ಕರಗುತ್ತದೆ, ಸ್ನಾಯು ಕರಗುತ್ತದೆ. ಹೃದಯವೂ ಸ್ನಾಯುವೇ ಅಲ್ವಾ? ಅದೂ ಸೊರಗುತ್ತದೆ. ಕರುಳಿನ ಒಳಪದರ ತೆಳುವಾಗಿ, ತಿಂದದ್ದು ಮೈಗೆ ಹತ್ತುವುದಿಲ್ಲ. ಸಕ್ಕರೆ ಅಂಶ ತಯಾರಿಸುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ. ಹಾಗಾಗಿ ರಾತ್ರಿ ನಾಲ್ಕೈದು ಗಂಟೆ ಏನೂ ಕುಡಿಸದಿದ್ದರೂ ರಕ್ತದ ಸಕ್ಕರೆ ಕುಸಿದು, ಮೈ ತಣ್ಣಗಾಗಬಹುದು. ಸೋಂಕಿದ್ದರೂ ಎಷ್ಟೋ ಸಲ ಜ್ವರವೇ ಬರುವುದಿಲ್ಲ. ಇದು ನಿಜಕ್ಕೂ ಭಯದ ವಿಷಯ.

ಜೀವಕೋಶಗಳ ಕಥೆಯೂ ಇದೇ. ಅವು ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಉಳಿಸಿಕೊಳ್ಳಬೇಕು. ಅದಕ್ಕೆ ಶಕ್ತಿ ಸಾಲದಾದಾಗ ಸೋಡಿಯಂ ಒಳಗೆ ತುಂಬುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ. ಭೇದಿಯಾದರೆ ಮಾಮೂಲಿ ಓಆರ್‌ಎಸ್ ಸುಮ್ನೆ ಕುಡಿಸದೆ, ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ ಇರುವಂತೆ ಮಾಡಿ ಕೊಡುವುದು ಇದಕ್ಕೇ.

ಈಗ ಒಮ್ಮೆಲೇ ಊಟ ಬಿತ್ತು ಅನ್ನಿ. ಇನ್ಸುಲಿನ್ ಏರುತ್ತದೆ. ಜೀವಕೋಶಗಳು ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಒಳಗೆಳೆದುಕೊಳ್ಳುತ್ತವೆ. ರಕ್ತದಲ್ಲಿ ಅವು ಬರಿದಾದಾಗ ಹೃದಯದ ಲಯ ತಪ್ಪುತ್ತದೆ. ಎರಡನೇ ಮಹಾಯುದ್ಧದ ಸೆರೆಶಿಬಿರಗಳಿಂದ ಬದುಕಿ ಹೊರಬಂದ ಎಷ್ಟೋ ಜನ ಊಟ ಸಿಕ್ಕ ಮೇಲೆ ಹೀಗೇ ತೀರಿಕೊಂಡರು.

ಆಸ್ಪತ್ರೆಯ ಆ ಹಾಲಿನ ಹೆಸರು ಎಫ್-75. 100 ಮಿಲೀಗೆ 75 ಕ್ಯಾಲೊರಿ, ಪ್ರೋಟೀನ್ ಬೇಕೆಂದೇ ಕಡಿಮೆ. ಕಬ್ಬಿಣದ ಔಷಧಿಯನ್ನೂ ಆರಂಭದಲ್ಲಿ ಕೊಡುವುದಿಲ್ಲ, ಅದು ಸೋಂಕನ್ನು ಹೆಚ್ಚಿಸಬಹುದು. ಹಸಿವು ಮರಳಿ ಬಂದು, ಮೈಯಲ್ಲಿ ನೀರು ತುಂಬಿ ಬಂದ ಬಾವು ಇಳಿಯತೊಡಗಿದ ಮೇಲೆ, ಹೆಚ್ಚು ಕ್ಯಾಲೊರಿ ಇರುವ ಎಫ್-100 ಹಾಲಿಗೆ ನಿಧಾನವಾಗಿ ಏರಿಸುತ್ತಾರೆ. ತೂಕ ಹೆಚ್ಚುವುದು ಆಮೇಲೆ.

ಒಂದು ಮಾತು ತಾಯಂದಿರಿಗೆ. ಎರಡೂ ಪಾದ ಊದಿದ್ದ ಮಗುವಿನ ತೂಕ ಮೊದಲ ದಿನಗಳಲ್ಲಿ ಇಳಿಯುತ್ತದೆ. ಬಾವಿನ ನೀರು ಹೋಗುತ್ತಿದೆ ಅಷ್ಟೇ. ಕೂಲಿ ತಪ್ಪುವ ಸಂಕಟ ದೊಡ್ಡದು, ಗೊತ್ತು. ಆದರೂ 'ಇಲ್ಲಿ ಮಗು ಇನ್ನೂ ಸೊರಗ್ತಿದೆ' ಅಂತ ನಡುವೆಯೇ ಎತ್ತಿಕೊಂಡು ಹೊರಡಬೇಡಿ.