ಗಿಟಾರ್ ಅಲ್ಲ, ಗೆರೆ ಬದಲಿಸಿ

ಪ್ರಶ್ನೆ: ಮಡಿಲಲ್ಲಿಟ್ಟು ನುಡಿಸುವ ಅಗ್ಗದ ಅಕೌಸ್ಟಿಕ್ ಹವಾಯಿಯನ್ ಗಿಟಾರ್ ಒಂದನ್ನು ಕೊಂಡಿದ್ದೇನೆ. ಮೊಬೈಲ್‌ನ ಟ್ಯೂನರ್ ನೋಡಿ ಆರೂ ತಂತಿಗಳನ್ನು ಶ್ರುತಿ ಮಾಡುತ್ತೇನೆ. ಆದರೂ ಬಾರ್ ಅನ್ನು 12ನೇ ಮೆಟ್ಟಿನ ಮೇಲೆ ಹಿಡಿದರೆ ದಪ್ಪ ತಂತಿಗಳು ಇಳಿದು ಕೇಳುತ್ತವೆ, ಇನ್ನೂ ಮೇಲೆ ಹೋದರೆ ಮತ್ತಷ್ಟು ಇಳಿಯುತ್ತವೆ. ಅಂಗಡಿಯವರು ‘ಈ ಬೆಲೆಗೆ ಇಷ್ಟೇ’ ಎನ್ನುತ್ತಾರೆ. ಇದನ್ನು ಸರಿಪಡಿಸಬಹುದೇ, ಬೇರೆ ಕೊಳ್ಳಬೇಕೇ?

ಉತ್ತರ: ಬೇರೆ ಕೊಳ್ಳಬೇಡಿ. ಎದೆಗಾನಿಸಿ ನುಡಿಸುವ ಗಿಟಾರ್‌ನಲ್ಲಿ ಮೆಟ್ಟು ತಪ್ಪಾದ ಜಾಗದಲ್ಲಿ ಕೂತಿದ್ದರೆ ಆ ವಾದ್ಯದ ಹಣೆಬರಹ ಮುಗಿಯಿತು. ನಿಮ್ಮದರಲ್ಲಿ ತಂತಿ ಮೆಟ್ಟನ್ನು ಮುಟ್ಟುವುದೇ ಇಲ್ಲ. ಸ್ವರ ಹುಟ್ಟುವುದು ಉಕ್ಕಿನ ಬಾರ್ ತಂತಿಯನ್ನು ಮುಟ್ಟಿದಲ್ಲಿ. ಕೆಳಗಿರುವ ಮೆಟ್ಟು ಕಣ್ಣಿಗೊಂದು ಗೆರೆ, ಅಷ್ಟೆ. ನಮ್ಮ ಗೋಟುವಾದ್ಯದವರು ಆ ಗೆರೆಯೂ ಇಲ್ಲದೆ ಕಿವಿಯನ್ನೇ ನಂಬಿ ನುಡಿಸುತ್ತಾರೆ.

ವಾದ್ಯದ ಮೇಲೆ ತಪ್ಪು ಹೊರಿಸುವ ಮೊದಲು ಕೈ ಮತ್ತು ಕಣ್ಣನ್ನು ಪರೀಕ್ಷಿಸಿ. ತಂತಿಗಳು ಮೆಟ್ಟಿಗಿಂತ ಸುಮಾರು 9 ಮಿ.ಮೀ. ಎತ್ತರದಲ್ಲಿರುತ್ತವೆ. ನೀವು ಓರೆಯಾಗಿ ನೋಡಿದರೆ, 20 ಡಿಗ್ರಿ ಓರೆಗೇ ಬಾರ್ ಗೆರೆಯಿಂದ 3 ಮಿ.ಮೀ. ಆಚೀಚೆ ಸರಿದಿರುತ್ತದೆ, ನಿಮಗೆ ಮಾತ್ರ ಸರಿಯಾಗಿಯೇ ಕಾಣುತ್ತದೆ. 650 ಮಿ.ಮೀ. ಉದ್ದದ ತಂತಿಯಲ್ಲಿ 12ನೇ ಮೆಟ್ಟಿನ ಬಳಿ ಒಂದು ಮಿ.ಮೀ. ಎಂದರೆ 5 ಸೆಂಟ್ಸ್‌ಗಿಂತ ಸ್ವಲ್ಪ ಹೆಚ್ಚು (ಅರ್ಧ ಸ್ವರಕ್ಕೆ 100 ಸೆಂಟ್ಸ್). ಮೂರು ಮಿ.ಮೀ.ಗೆ 16 ಆಯಿತು. ಯಾರ ಕಿವಿಗಾದರೂ ಚುಚ್ಚುತ್ತದೆ. ಬಗ್ಗಿ, ಬಾರ್ ಕಣ್ಣಿನ ನೇರ ಕೆಳಗೆ ಬರುವಂತೆ ನೋಡಿ. ಬಾರ್‌ನ ಅಂಚಲ್ಲ, ಅದರ ನಡುಮಧ್ಯ ಗೆರೆಯ ಮೇಲಿರಬೇಕು. ಒತ್ತಲೂಬೇಡಿ. ಬಾರ್‌ನ ತೂಕವೇ ಸಾಕು. ಒತ್ತಿದರೆ ತಂತಿ ಬಿಗಿದು ಶ್ರುತಿ ಏರುತ್ತದೆ. ತಂತಿ ಹಳೆಯದಾಗಿ ತುಕ್ಕು ಹಿಡಿದಿದ್ದರೆ ಮೊದಲು ಹೊಸ ಸೆಟ್ ಹಾಕಿ. ಕೊಳೆತ ತಂತಿಯ ಮೇಲೆ ಮಾಡಿದ ಅಳತೆಯೆಲ್ಲ ವ್ಯರ್ಥ.

ಈಗ ಅಳತೆಗೆ ಬನ್ನಿ. ಒಂದೊಂದೇ ತಂತಿಯನ್ನು ಬಿಡಿಯಾಗಿ ಶ್ರುತಿ ಮಾಡಿ, ಬಾರ್ ಅನ್ನು 5, 12 ಮತ್ತು 19ನೇ ಮೆಟ್ಟಿನ ಗೆರೆಯ ಮೇಲಿಟ್ಟು, ಟ್ಯೂನರ್ ಎಷ್ಟು ಸೆಂಟ್ಸ್ ಹೆಚ್ಚುಕಡಿಮೆ ತೋರಿಸುತ್ತದೆ ಎಂದು ಕಾಗದದ ಮೇಲೆ ಬರೆಯಿರಿ. ಬಾರ್‌ನ ಹಿಂದಿನ ತಂತಿಯನ್ನು ಎಡಗೈಯ ಉಳಿದ ಬೆರಳುಗಳಿಂದ ಮೆಲ್ಲಗೆ ಮುಚ್ಚಿರಿ, ಇಲ್ಲದಿದ್ದರೆ ಅದೂ ದನಿಗೂಡಿಸಿ ಟ್ಯೂನರ್ ತಡವರಿಸುತ್ತದೆ. ಬರೆದ ಮೂರು ಅಂಕಿಗಳು ತಪ್ಪು ಯಾವ ತುದಿಯಲ್ಲಿದೆ ಎಂದು ಹೇಳಿಬಿಡುತ್ತವೆ. ಮೂರೂ ಕಡೆ ತಪ್ಪು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅದು ನಟ್‌ನ (ಬಿರಡೆಗಳ ಬಳಿ ತಂತಿಗಳನ್ನು ಹೊರುವ ಪಟ್ಟಿ) ತುದಿಯದು. ಮೇಲೆ ಹೋದಂತೆ ಬೆಳೆಯುತ್ತಿದ್ದರೆ ಕುದುರೆಯ (ಹಲಗೆಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್) ತುದಿಯದು.

ಏಕೆ ಹೀಗೆ? ನಟ್ ತನ್ನ ಜಾಗಕ್ಕಿಂತ 3 ಮಿ.ಮೀ. ಹಿಂದೆ, ಅಂದರೆ ಬಿರಡೆಗಳ ಕಡೆಗೆ ಸರಿದಿದೆ ಎಂದುಕೊಳ್ಳಿ. ಬಿಡಿ ತಂತಿ ಮಾತ್ರ ಉದ್ದವಾಯಿತು. ಗೆರೆಯಿಂದ ಕುದುರೆಯವರೆಗಿನ ಅಂತರ ಎಲ್ಲ ಮೆಟ್ಟುಗಳಲ್ಲೂ ಮೊದಲಿನಂತೆಯೇ ಇದೆ. ಹಾಗಾಗಿ ಎಲ್ಲ ಕಡೆಯೂ ಸಮನಾಗಿ 8 ಸೆಂಟ್ಸ್ ಏರಿ ಕೇಳುತ್ತದೆ. ಕುದುರೆ ದೂರವಾದರೆ ಹಾಗಲ್ಲ. ಮೇಲೆ ಹೋದಂತೆ ಮಿಡಿಯುವ ತಂತಿ ಗಿಡ್ಡವಾಗುತ್ತದೆ, ಆ ಗಿಡ್ಡ ತಂತಿಗೆ ಅದೇ ಕೆಲವು ಮಿ.ಮೀ. ದೊಡ್ಡ ಪಾಲಾಗುತ್ತದೆ. ಕುದುರೆ 4 ಮಿ.ಮೀ. ದೂರವಿದ್ದರೆ 12ನೇ ಮೆಟ್ಟಿನಲ್ಲಿ 11 ಸೆಂಟ್ಸ್ ಇಳಿತ, 19ರಲ್ಲಿ 21.

ನಿಮ್ಮ ದೂರು ಎರಡನೆಯದು. ಅದರ ಬೇರು ಈ ವಾದ್ಯದ ಹುಟ್ಟಿನಲ್ಲಿದೆ. ಹವಾಯಿಯ ಜೋಸೆಫ್ ಕೆಕುಕು 19ನೇ ಶತಮಾನದ ಕೊನೆಯಲ್ಲಿ ಈ ಶೈಲಿಯನ್ನು ರೂಪಿಸಿದ್ದು ಸಾಮಾನ್ಯ ಗಿಟಾರ್‌ನ ತಂತಿಗಳನ್ನು ಎತ್ತರಿಸಿಕೊಂಡೇ ಎನ್ನುತ್ತಾರೆ. ಅಗ್ಗದ ಹವಾಯಿಯನ್ ಗಿಟಾರ್‌ಗಳು ಹಲವು ಇಂದಿಗೂ ಹಾಗೆಯೇ: ಸ್ಪ್ಯಾನಿಷ್ ಗಿಟಾರ್‌ಗೆ ನಟ್ ಎತ್ತರಿಸಿದರೆ ಮುಗಿಯಿತು. ಆದರೆ ಸ್ಪ್ಯಾನಿಷ್ ಗಿಟಾರ್‌ನ ಕುದುರೆಯ ಮೇಲಿನ ಸ್ಯಾಡಲ್, ಅಂದರೆ ತಂತಿಗಳು ಕೂರುವ ಸಣ್ಣ ಪಟ್ಟಿ, ಬೇಕೆಂದೇ ಓರೆಯಾಗಿರುತ್ತದೆ. ಬೆರಳು ಒತ್ತಿದಾಗ ತಂತಿ ಬಿಗಿದು ಏರುವ ಶ್ರುತಿಯನ್ನು ಸರಿದೂಗಿಸಲು ದಪ್ಪ ತಂತಿಯನ್ನು ಕೆಲವು ಮಿ.ಮೀ., ತೆಳು ತಂತಿಯನ್ನು ಒಂದೆರಡು ಮಿ.ಮೀ. ಉದ್ದ ಮಾಡಿರುತ್ತಾರೆ. ನೀವು ಒತ್ತುವುದೇ ಇಲ್ಲವಲ್ಲ. ಇಲ್ಲದ ರೋಗಕ್ಕೆ ಕೊಟ್ಟ ಮದ್ದೇ ಇಲ್ಲಿ ರೋಗ.

ಸ್ಯಾಡಲ್ ಹೊರತೆಗೆದು ಅದರ ನೆತ್ತಿಯನ್ನು ಅರದಿಂದ ಉಜ್ಜಿ, ದಪ್ಪ ತಂತಿಗಳ ಕಡೆ ತುದಿಯನ್ನು ನಾದರಂಧ್ರದತ್ತ ತರಬಹುದು. ಆದರೆ ಸ್ಯಾಡಲ್‌ನ ದಪ್ಪವೇ 3 ಮಿ.ಮೀ. ಆಸುಪಾಸು; ಎರಡು ಮಿ.ಮೀ. ದಕ್ಕಿದರೆ ಹೆಚ್ಚು. ಕುದುರೆಯನ್ನೇ ಕಿತ್ತು ಅಂಟಿಸುವುದು ಮರಗೆಲಸ ಬಲ್ಲವರ ಕೆಲಸ, ಕೂಲಿ ಗಿಟಾರ್‌ನ ಬೆಲೆಯನ್ನು ಮೀರಬಹುದು. ನಾನು ಎರಡನ್ನೂ ಮಾಡುವುದಿಲ್ಲ. ಗೆರೆಯನ್ನೇ ಬದಲಿಸುತ್ತೇನೆ.

ನಟ್‌ನ ಅಂಚಿನಿಂದ ಸ್ಯಾಡಲ್‌ನ ನೆತ್ತಿಯವರೆಗೆ ಒಂದನೇ ಮತ್ತು ಆರನೇ ತಂತಿಯ ಉದ್ದವನ್ನು ಬೇರೆಬೇರೆಯಾಗಿ ಅಳೆಯಿರಿ. 652 ಮತ್ತು 654 ಮಿ.ಮೀ. ಬಂತೆನ್ನಿ. ಉದ್ದವನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಗೆರೆಗಿರುವ ದೂರ ಸಿಗುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಮೊದಲ ಗೆರೆಯಿಂದ ಎರಡನೆಯದಕ್ಕೆ. ಹೀಗೆ ಮುಂದುವರಿಸಿ. 12ನೆಯದು ತೆಳು ತಂತಿಯ ಅಂಚಿನಲ್ಲಿ 326, ದಪ್ಪ ತಂತಿಯ ಅಂಚಿನಲ್ಲಿ 327 ಮಿ.ಮೀ.ಗೆ ಬೀಳುತ್ತದೆ, ಎರಡನ್ನೂ ಸೇರಿಸಿ ಗೆರೆ ಎಳೆಯಿರಿ. ಗೆರೆ ತುಸು ಓರೆಯಾಗುತ್ತದೆ, ಬಾರ್ ಅನ್ನೂ ಅಷ್ಟೇ ಓರೆಯಲ್ಲಿ ಹಿಡಿಯಬೇಕು. ವಾರದಲ್ಲಿ ಕೈಗೆ ರೂಢಿಯಾಗುತ್ತದೆ. ಈ ಗೆರೆಗಳನ್ನು ದಪ್ಪ ಕಾಗದದ ಪಟ್ಟಿಯ ಮೇಲೆ ಎಳೆದು ಮೆಟ್ಟುಗಳ ಮೇಲೆ, ತಂತಿಗಳ ಕೆಳಗೆ ತೂರಿಸಿ ಅಂಟಿಸಿದರಾಯಿತು. ನನ್ನದನ್ನು ಮದುವೆಯ ಕರೆಯೋಲೆಯಿಂದ ಕತ್ತರಿಸಿದ್ದು. ಅದರ ಹಿಂಬದಿಯಲ್ಲಿ ಇವತ್ತಿಗೂ ‘ತಮ್ಮ ಆಗಮನಾಭಿಲಾಷಿಗಳು’ ಎಂದಿದೆ.

ನಟ್‌ನ ತಪ್ಪು ಇದ್ದವರಿಗೆ ಇಷ್ಟು ಲೆಕ್ಕವೂ ಬೇಡ. ಹಳೆಯ ನಟ್‌ನ ಮೇಲೆ ಟೋಪಿಯಂತೆ ಕೂರಿಸುವ ಲೋಹದ ತುಂಡು ಹಿಂದಕ್ಕೆ ಜಾರಿರುತ್ತದೆ. ತಂತಿ ಸಡಿಲಿಸಿ ಮುಂದಕ್ಕೆ ತನ್ನಿ. ಅದರ ಸೀಳುಗಳು ಬಿರಡೆಯತ್ತ ಇಳಿಜಾರಾಗಿರಲಿ, ತಂತಿ ಮುಂದಿನ ಅಂಚಿನಿಂದಲೇ ಹೊರಡಬೇಕು. ಶ್ರುತಿ ಮಾಡುವಾಗ ‘ಟಿಣ್’ ಎಂದು ಎಗರುತ್ತಿದ್ದರೆ ಸೀಳಿನಲ್ಲಿ ಪೆನ್ಸಿಲ್ ಸೀಸ ಉಜ್ಜಿ.

ಸ್ಯಾಡಲ್‌ನ ನೆತ್ತಿ ಕಮಾನಿನಂತೆ ಬಾಗಿದೆಯೇ ಎಂದೂ ನೋಡಿ. ಉಕ್ಕಿನ ಸ್ಕೇಲ್ ಅನ್ನು ಕುದುರೆಯ ಹತ್ತಿರ ತಂತಿಗಳ ಮೇಲೆ ಅಡ್ಡಲಾಗಿ ಇಟ್ಟಾಗ ನಡುವಿನ ತಂತಿಗಳ ಮೇಲೆ ಅದು ತೂಗಾಡಿದರೆ, ನಿಮ್ಮ ಬಾರ್ ಕೂಡ ಅಲ್ಲಿ ತೂಗಾಡುತ್ತಿದೆ. ಅಂಚಿನ ತಂತಿಗಳನ್ನು ಮುಟ್ಟಿಸಲು ನೀವು ಒತ್ತುತ್ತೀರಿ, ನಡುವಿನವು ಏರುತ್ತವೆ. ನೆತ್ತಿಯನ್ನು ಸಮತಟ್ಟಾಗಿ ಉಜ್ಜುವುದೊಂದೇ ಇದಕ್ಕೆ ದಾರಿ.

ಒಂದು ಎಚ್ಚರಿಕೆ. ಆರನೇ ತಂತಿಯನ್ನು ‘ಇ’ಯಿಂದ ‘ಜಿ’ಗೆ ಏರಿಸುವ ಶ್ರುತಿಗಳಿವೆ. ಮೂರು ಅರ್ಧಸ್ವರ ಏರಿದರೆ ಆ ತಂತಿಯ ಎಳೆತ ಶೇ 41ರಷ್ಟು ಹೆಚ್ಚುತ್ತದೆ. ತೆಳು ಹಲಗೆಯ ಗಿಟಾರ್‌ನಲ್ಲಿ ಕುದುರೆ ಬಾಗುತ್ತದೆ, ಕೆಲವೊಮ್ಮೆ ಕಿತ್ತೇ ಬರುತ್ತದೆ. ಅಂಥ ಶ್ರುತಿಗೆ ತೆಳುವಾದ ತಂತಿ ಹಾಕಿ, ಇಲ್ಲವೇ ಓಪನ್ ಡಿ ಶ್ರುತಿ ಬಳಸಿ. ದಪ್ಪದಿಂದ ತೆಳುವಿಗೆ ಅದು ಸ ಪ ಸ ಗ ಪ ಸ. ನಮ್ಮ ಕಿವಿಗೆ ಹೊಸದೇನಲ್ಲ.

ಇಷ್ಟಾದ ಮೇಲೂ ಆರು ತಂತಿ ಒಟ್ಟಿಗೆ ಮೀಟಿದಾಗ ಏನೋ ಕಿರಿಕಿರಿ ಎನಿಸಿದರೆ ಅದು ಟ್ಯೂನರ್‌ನ ಕೊಡುಗೆ. ಟ್ಯೂನರ್ ತೋರಿಸುವ ಗಾಂಧಾರ ಷಡ್ಜದಿಂದ 400 ಸೆಂಟ್ಸ್ ಮೇಲಿದೆ. ತಂಬೂರಿಯ ನಾದದಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ 386ರಲ್ಲಿದೆ. ಮೆಟ್ಟು ಒತ್ತಿ ನುಡಿಸುವವರು ಎಲ್ಲ ಶ್ರುತಿಗಳಿಗೂ ಹೊಂದಬೇಕಾದ್ದರಿಂದ 400ಕ್ಕೆ ರಾಜಿಯಾಗುತ್ತಾರೆ. ನಿಮ್ಮ ನೇರ ಬಾರ್‌ಗೆ ಆ ಹಂಗಿಲ್ಲ; ಆರೂ ತಂತಿಗಳು ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಓಪನ್ ಡಿಯಲ್ಲಿ ಗಾಂಧಾರವಿರುವ ಮೂರನೇ ತಂತಿಯನ್ನು ಕಿವಿಯಿಂದಲೇ ಇಳಿಸಿ, ಅಲೆಯಲೆಯಾಗಿ ಮಿಡಿಯುವ ಸದ್ದು ನಿಂತ ಕಡೆ ಬಿಡಿ. ಆಗ ಮೊಬೈಲ್‌ನ ಮುಳ್ಳು 14 ಸೆಂಟ್ಸ್ ಕಡಿಮೆ ಎಂದು ಕೆಂಪಗಾಗುತ್ತದೆ. ಆಗಲಿ ಬಿಡಿ, ಬಿರಡೆಗೆ ಕೈ ಹಾಕಬೇಡಿ.