ಕಲ್ಲನ್ನು ಒರೆಗೆ ಹಚ್ಚಿ

ಮೊನ್ನೆ ಮಾವ ಟವೆಲಿನಲ್ಲಿ ಸುತ್ತಿ ತಂದ ಕಲ್ಲೊಂದನ್ನು ನಮ್ಮ ಶಿರಸಿ ಮನೆಯ ಜಗುಲಿಯ ಮೇಲಿಟ್ಟರು. ತೆಂಗಿನಕಾಯಿ ಗಾತ್ರ, ಕಪ್ಪು ಹೊಳಪು, ಕೈ ಜಗ್ಗುವಷ್ಟು ಭಾರ. ಜೋಯಿಡಾ ಕಡೆಯ ಗುಡ್ಡದಲ್ಲಿ ಸಿಕ್ಕಿದ್ದಂತೆ.

“ತಮಾ, ಇದು ಉಲ್ಕೆ. ಅಯಸ್ಕಾಂತ ಅಂಟ್ತು. ಹತ್ತು ಲಕ್ಷಕ್ಕೆ ಗಿರಾಕಿ ಇದ್ದಾನೆ.”

ಆ ಗಿರಾಕಿ ಮುಂಗಡವಾಗಿ ‘ಪರೀಕ್ಷಾ ಶುಲ್ಕ’ ಕೇಳಿದ್ದಾನೆಂದು ಆಮೇಲೆ ಬಾಯಿಬಿಟ್ಟರು. ಅಕ್ಕಿ ಎಳೆಯುವ ಚೊಂಬು, ನಾಗಮಣಿ, ಈಗ ಉಲ್ಕೆ. ಸರಕು ಬದಲಾದರೂ ಮುಂಗಡ ತಪ್ಪುವುದಿಲ್ಲ!

ಚಹಾ ಕುಡಿದ ಪಿಂಗಾಣಿ ಕಪ್ಪನ್ನು ಮಗುಚಿದೆ. ತಳದಲ್ಲಿ ಮೆರುಗು ಹಚ್ಚದ ಒರಟು ಅಂಚು ಇರುತ್ತದಲ್ಲ, ಅದರ ಮೇಲೆ ಕಲ್ಲಿನ ಮೂಲೆಯನ್ನು ಎಳೆದೆ. ಕಪ್ಪು ಕಲ್ಲು ಕೆಂಗಂದು ಗೆರೆ ಬಿಟ್ಟಿತು. ಉಲ್ಕೆಯಲ್ಲ, ಹೆಮಟೈಟ್, ಅಂದರೆ ಕಬ್ಬಿಣದ ಅದಿರು.

ಅಕ್ಕಸಾಲಿಗರ ಒರೆಗಲ್ಲಿನ ಉಪಾಯವೇ ಇದು. ಖನಿಜದ ಮೈಬಣ್ಣ ಸುಳ್ಳು ಹೇಳೀತು, ಹುಡಿ ಹೇಳುವುದು ಕಡಿಮೆ. ಗಟ್ಟಿ ಹೆಮಟೈಟ್ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಲೋಹದ ಹೊಳಪಾಗಿ ಹಿಂದಿರುಗುತ್ತದೆ, ಒಳಹೊಕ್ಕಿದ್ದೆಲ್ಲ ಅಲ್ಲೇ ಇಂಗುತ್ತದೆ. ಹುಡಿಯಾದಾಗ ಒಂದೊಂದು ಕಣವೂ ಬೆಳಕು ತೂರುವಷ್ಟು ತೆಳು. ನೀಲಿ, ಹಸಿರನ್ನು ನುಂಗಿ ಕೆಂಪನ್ನು ಹೊರಬಿಡುತ್ತದೆ. ಮುರುಗಲು ಹಣ್ಣಿನ ಗಟ್ಟಿ ಪಾಕ ಶೀಸೆಯಲ್ಲಿ ಕಪ್ಪಗೆ ಕಂಡರೂ ಪಂಚೆಯ ಮೇಲೆ ಚೆಲ್ಲಿದರೆ ಕೆಂಪಲ್ಲವೇ? ಹಸಿರು ಬಾಟಲಿ ಜಜ್ಜಿದರೆ ಹುಡಿ ಬೆಳ್ಳಗಾಗುವುದೂ ಇದರ ದಾಯಾದಿ. ಚಿನ್ನವೆಂದು ಮೆರೆಯುವ ಪೈರೈಟ್ ಕೂಡ ಒರೆಯಲ್ಲಿ ಹಸಿರುಗಪ್ಪಾಗಿ ಸಿಕ್ಕಿಬೀಳುತ್ತದೆ. ಸ್ಫಟಿಕಶಿಲೆಗೆ ಮಾತ್ರ ಈ ಆಟ ನಡೆಯದು: ಮೋಸ್ ಎಂಬ ಜರ್ಮನ್ ಖನಿಜಜ್ಞ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಅದು 7, ಪಿಂಗಾಣಿಯನ್ನೇ ಗೀರುತ್ತದೆ.

ಹೆಮಟೈಟ್ ಹೆಸರು ಬಂದದ್ದು ಗ್ರೀಕರ ‘ರಕ್ತ’ ಎಂಬ ಪದದಿಂದ. ಅಷ್ಟು ದೂರ ಏಕೆ, ನಮ್ಮ ಮಾರಿಕಾಂಬಾ ಗುಡಿಯ ಕಾವಿ ಚಿತ್ರಗಳ ಕೆಂಪೂ ಕಬ್ಬಿಣದ್ದೇ. ಹುರುಮುಂಜಿ ಎಂಬ ಆ ಕೆಮ್ಮಣ್ಣಿಗೂ ಮಾವನ ಉಲ್ಕೆಗೂ ನಂಟಸ್ತನವಿದೆ. ಅಯಸ್ಕಾಂತ ಅಂಟಲು ಮ್ಯಾಗ್ನೆಟೈಟ್ ಎಂಬ ಇನ್ನೊಂದು ಕಬ್ಬಿಣದ ಅದಿರು ಒಂದಿಷ್ಟು ಬೆರೆತಿದ್ದರೆ ಸಾಕು.

ಹಾಗಾದರೆ ಯಾವ ಕಲ್ಲಿಗೆ ಬೆಲೆ? ಪುಣೆ ಬಳಿಯ ವಾಘೋಲಿ ಕ್ವಾರಿಗಳ ಕ್ಯಾವನ್ಸೈಟ್ ನೋಡಿ. ಸ್ಟಿಲ್ಬೈಟ್ ಎಂಬ ಬಿಳಿ ಖನಿಜದ ಹಾಸಿನ ಮೇಲೆ ಕಡುನೀಲಿ ಉಂಡೆ. ಅಮೆರಿಕದ ಒರೆಗಾನ್‌ನಲ್ಲಿ 1967ರಲ್ಲಿ ಮೊದಲು ಸಿಕ್ಕ ಖನಿಜ. ಸಂಗ್ರಾಹಕರು ಈಗ ವಾಘೋಲಿಯದ್ದಕ್ಕೇ ಮುಗಿಬೀಳುತ್ತಾರೆ. ಹಾಸಿನಿಂದ ಉಂಡೆ ಕಿತ್ತರೆ ಬೆಲೆ ಬಿತ್ತು. ಹರಳಿನ ತುದಿ ಮುರಿದರೂ ಬಿತ್ತು. ಎಲ್ಲಿ ಸಿಕ್ಕಿತೆಂಬ ಚೀಟಿ ಕಳೆದರಂತೂ ಅದು ಪಹಣಿಯಿಲ್ಲದ ಜಮೀನು. ತೊಳೆಯುವ ಆತುರವೂ ಬೇಡ.

ಮಾವ ಆಗಲೇ ಹುಣಸೆಹಣ್ಣು ಹಚ್ಚಿ ತಂತಿಬ್ರಶ್ಶಿನಲ್ಲಿ ತಿಕ್ಕಿದ್ದರು.

ಗಿರಾಕಿಗೆ ಫೋನ್ ಮಾಡಲಿಲ್ಲ. ಕಲ್ಲನ್ನು ಮತ್ತೆ ಟವೆಲಿಗೆ ಸುತ್ತಿಕೊಂಡರು. ಅತ್ತೆ ಉಪ್ಪಿಗೆ ಹಾಕಿದ ಮಾವಿನಮಿಡಿಯ ಮೇಲಿನ ಹಲಗೆಗೆ ಭಾರ ಬೇಕಿತ್ತಂತೆ.